‘ಜೆನಿತ್’ ಬೆಲೂನಿನ ದುರಂತ: ಪ್ರಾಣವಾಯುವಿನ ಅಭಾವವೂ ಸುಳ್ಳು ಉಲ್ಲಾಸವೂ

ಜೀವಕ್ಕೂ ಉಸಿರಿಗೂ ನಮ್ಮ ಭಾಷೆಯಲ್ಲಿ ‘ಪ್ರಾಣ’ವೆಂಬ ಒಂದೇ ಹೆಸರು ಸಲ್ಲುತ್ತದೆ, ಆಮ್ಲಜನಕಕ್ಕೆ ‘ಪ್ರಾಣವಾಯು’ವೆಂಬ ಹೆಸರೂ ಉಂಟು. ಆದರೂ ಆ ಪ್ರಾಣವಾಯುವು ಮೆದುಳಿಗೆ ತಲಪದಂತೆ ಕ್ಷಣಕಾಲ ತಡೆದು, ಆಗ ಬರುವ ಮತ್ತನ್ನು ಆಟವೆಂದು ಬಗೆಯುವ ಅಭ್ಯಾಸವು ಹಲವು ದೇಶಗಳ ಎಳೆಯರಲ್ಲಿ ಕಂಡುಬಂದಿದೆ. ಈ ಮತ್ತಿನ ಸ್ವರೂಪವೇನು? ಅದಕ್ಕೆ ಒಳಗಾದವನು ಅಪಾಯವನ್ನರಿತು ತಾನಾಗಿ ಹಿಂದೆಗೆಯಬಲ್ಲನೆ? ವಿಜ್ಞಾನದ ಚರಿತ್ರೆಯಲ್ಲಿ ಈ ಪ್ರಶ್ನೆಗಳಿಗೆ ಸ್ಪಷ್ಟವಾದ ಉತ್ತರವುಂಟು. 1875ರಲ್ಲಿ ಫ್ರಾನ್ಸು ದೇಶದಲ್ಲಿ ನಡೆದ ‘ಜೆನಿತ್’ ಬೆಲೂನಿನ ದುರಂತವನ್ನು ಈ ದೃಷ್ಟಿಯಿಂದ ನಾವು ಇಲ್ಲಿ ಪರಿಶೀಲಿಸುತ್ತೇವೆ.

ಎತ್ತರದ ವಾಯುಮಂಡಲದಲ್ಲಿ ಮನುಷ್ಯನಿಗೆ ಒದಗುವ ಗತಿ ಅದಕ್ಕೆ ಮೊದಲು ತಿಳಿಯದಿದ್ದ ಸಂಗತಿಯಲ್ಲ. 1862ರ ಸೆಪ್ಟೆಂಬರ್ 5ರಂದು ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ನಿನಿಂದ ಮೇಲೇರಿದ ಜೇಮ್ಸ್ ಗ್ಲೇಷರ್ ಎಂಬ ವಿಜ್ಞಾನಿ ಸುಮಾರು 8,800 ಮೀಟರು ಎತ್ತರದಲ್ಲಿ ಎಚ್ಚರ ತಪ್ಪಿದನು. ಜೊತೆಯಲ್ಲಿದ್ದ ಹೆನ್ರಿ ಕಾಕ್ಸ್‌ವೆಲ್ಲನ ಕೈಗಳು ಚಳಿಯಿಂದ ಮರಗಟ್ಟಿದ್ದವು. ಅವನು ಅನಿಲವನ್ನು ಹೊರಬಿಡುವ ಕವಾಟದ ಹಗ್ಗವನ್ನು ಹಲ್ಲಿನಿಂದ ಕಚ್ಚಿ ಎಳೆದುದರಿಂದ ಇಬ್ಬರೂ ಬದುಕಿದರು.

ಈ ಅಸ್ವಸ್ಥತೆಗೆ ಕಾರಣವು ಆಮ್ಲಜನಕದ ಅಭಾವವೇ ಎಂಬುದನ್ನು ಪ್ರಯೋಗಗಳಿಂದ ಸ್ಥಾಪಿಸಿದ ಕೀರ್ತಿ ಪ್ಯಾರಿಸ್ಸಿನ ಶರೀರಶಾಸ್ತ್ರಜ್ಞ ಪಾಲ್ ಬೇರ್‌ಗೆ ಸಲ್ಲುತ್ತದೆ. ಅವನು ಲೋಹದ ಕೋಣೆಯೊಂದನ್ನು ಮಾಡಿಸಿ, ಅದರೊಳಗಿನ ವಾಯುವಿನ ಒತ್ತಡವನ್ನು ತಗ್ಗಿಸಿ, ತಾನೇ ಒಳಗೆ ಕುಳಿತು ಪರೀಕ್ಷಿಸಿಕೊಂಡನು. ಒಂದು ಸಲ 20 ಸೆಕೆಂಡುಗಳ ನಾಡಿಬಡಿತವನ್ನು ಎಣಿಸಿ, ಅದನ್ನು ಮೂರರಿಂದ ಗುಣಿಸಲು ಹೋದಾಗ ಆ ವಿದ್ವಾಂಸನಿಗೆ ಅಷ್ಟು ಸುಲಭವಾದ ಲೆಕ್ಕವೂ ಸಾಧ್ಯವಾಗಲಿಲ್ಲ. ಆಮ್ಲಜನಕವನ್ನು ಸೇವಿಸಿದರೆ ಈ ಮಂಕು ತೊಲಗುವುದೆಂಬುದನ್ನೂ ಅವನು ಕಂಡುಕೊಂಡನು. 1878ರಲ್ಲಿ ಪ್ರಕಟವಾದ ಅವನ ಬೃಹದ್ಗ್ರಂಥದಲ್ಲಿ ಈ ಪ್ರಯೋಗಗಳ ವಿವರಗಳಿವೆ.

ಬೇರ್‌ನ ಕೋಣೆಯಲ್ಲಿ 1874ರ ಮಾರ್ಚಿಯಲ್ಲಿ ಪರೀಕ್ಷೆಗೆ ಒಳಗಾದವರಲ್ಲಿ ಜೋಸೆಫ್ ಕ್ರೋಸೆ-ಸ್ಪಿನೆಲ್ಲಿ ಮತ್ತು ತೆಯೊದೋರ್ ಸಿವೆಲ್ ಎಂಬ ಇಬ್ಬರು ಬೆಲೂನು ಯಾತ್ರಿಕರಿದ್ದರು. ಅದೇ ತಿಂಗಳು ಅವರು ಆಮ್ಲಜನಕದ ನೆರವಿನಿಂದ 7,300 ಮೀಟರು ಎತ್ತರಕ್ಕೆ ಏರಿ ಸುಖವಾಗಿ ಇಳಿದಿದ್ದರು. ಅಪಾಯವೇನೆಂಬುದೂ ಅದಕ್ಕೆ ಪರಿಹಾರವೇನೆಂಬುದೂ ಅವರಿಗೆ ಸ್ವಾನುಭವದಿಂದ ಗೊತ್ತಿತ್ತು. ಇದನ್ನು ವಾಚಕರು ನೆನಪಿನಲ್ಲಿಡಬೇಕು.

1875ರ ಏಪ್ರಿಲ್ 15ರಂದು ಈ ಇಬ್ಬರೂ ಗಾಸ್ತೋಂ ತಿಸಾಂದಿಯೆ ಎಂಬ ಮತ್ತೊಬ್ಬ ವಿಜ್ಞಾನಿಯೊಡನೆ ‘ಜೆನಿತ್’ ಬೆಲೂನಿನಲ್ಲಿ ಪ್ಯಾರಿಸ್ಸಿನಿಂದ ಹೊರಟರು. ಒಯ್ಯುತ್ತಿರುವ ಆಮ್ಲಜನಕ ಸಾಲದೆಂದು ಊರಿನಲ್ಲಿಲ್ಲದ ಬೇರ್ ಬರೆದ ಕಾಗದವು ಸಕಾಲಕ್ಕೆ ಅವರ ಕೈಸೇರಲಿಲ್ಲ. ಸುಮಾರು 7,450 ಮೀಟರು ಎತ್ತರದಲ್ಲಿ ಸಿವೆಲ್, ಮರಳಿನ ಚೀಲಗಳನ್ನು ಕೆಡವಿ ಇನ್ನೂ ಮೇಲೇರೋಣವೇ ಎಂದು ಕೇಳಿದನು. ಇಷ್ಟಬಂದಂತೆ ಮಾಡೆಂದು ತಿಸಾಂದಿಯೆ ಹೇಳಿದನು. ಕ್ರೋಸೆ-ಸ್ಪಿನೆಲ್ಲಿ ಉತ್ಸಾಹದಿಂದ ತಲೆಯಾಡಿಸಿದನು. ಸಿವೆಲ್ ಮೂರು ಚೀಲಗಳ ಹಗ್ಗವನ್ನು ಕತ್ತರಿಸಿದನು. ಸ್ವಲ್ಪ ಹೊತ್ತಿನಲ್ಲಿಯೇ ತಿಸಾಂದಿಯೆಗೆ ಪಕ್ಕದಲ್ಲಿದ್ದ ಆಮ್ಲಜನಕದ ಕೊಳವೆಯನ್ನು ಹಿಡಿಯಲು ಕೈ ಎತ್ತಲಾಗಲಿಲ್ಲ. 8,000 ಮೀಟರು ತಲಪಿದೆವೆಂದು ಕೂಗಿ ಹೇಳಲು ನಾಲಗೆ ಏಳಲಿಲ್ಲ. ಬೆಲೂನು ಸುಮಾರು 8,600 ಮೀಟರು ಎತ್ತರವನ್ನು ಮುಟ್ಟಿತ್ತು. ತಿಸಾಂದಿಯೆ ಕಣ್ತೆರೆದಾಗ ಸಂಗಡಿಗರಿಬ್ಬರೂ ಮೃತರಾಗಿದ್ದರು. ಕ್ರೋಸೆ-ಸ್ಪಿನೆಲ್ಲಿಗೆ ಆಗ 29 ವರ್ಷ.

ಬದುಕುಳಿದ ತಿಸಾಂದಿಯೆಯ ಹೇಳಿಕೆಯು ಪ್ರಕೃತ ವಿಷಯಕ್ಕೆ ಅಮೂಲ್ಯವಾದ ಸಾಕ್ಷ್ಯ. ಆ ಎತ್ತರದಲ್ಲಿ ಸಂಕಟವೇ ತೋರಲಿಲ್ಲ. ಒಳಗಿನಿಂದ ಒಂದು ಬಗೆಯ ಆನಂದ ಉಕ್ಕಿತು. ಅಪಾಯದ ನೆನಪೇ ಬಾರದೆ, ಏರುತ್ತಿರುವುದೇ ಹಿತವೆನಿಸಿತು ಎಂಬುದು ಅವನ ಮಾತಿನ ಸಾರಾಂಶ. ಅಂದಮೇಲೆ ಈ ಉಲ್ಲಾಸವು ಮನಸ್ಸಿಗೆ ಹೊಸದಾಗಿ ಲಭಿಸಿದ ಸುಖವಲ್ಲ. ವಿವೇಚನೆಯು ಅಳಿದುಹೋದುದರ ಚಿಹ್ನೆ. ದೇಹದ ತೂಕದಲ್ಲಿ ನೂರಕ್ಕೆ ಎರಡರಷ್ಟಿರುವ ಮೆದುಳು, ದೇಹವು ಬಳಸುವ ಆಮ್ಲಜನಕದಲ್ಲಿ ನೂರಕ್ಕೆ ಸುಮಾರು 20 ಭಾಗವನ್ನು ಬೇಡುತ್ತದೆ. ಕೊರತೆಯುಂಟಾದಾಗ ಮೊದಲು ಕುಂದುವುದು ವಿವೇಚನಾಶಕ್ತಿ. ಉಸಿರುಗಟ್ಟಿದ ಸಂಕಟವಾದರೋ ಮುಖ್ಯವಾಗಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡು ಹೆಚ್ಚಿದಾಗ ಹುಟ್ಟತಕ್ಕದ್ದು. ಆಮ್ಲಜನಕವೊಂದೇ ಕಡಮೆಯಾದರೆ ದೇಹವು ಅಷ್ಟು ಬಲವಾದ ಎಚ್ಚರಿಕೆಯನ್ನು ಕೊಡುವುದಿಲ್ಲ.

ಬೆಲೂನು ಯಾತ್ರಿಕರ ಗತಿಗೂ ನೆಲದ ಮೇಲೆ ಆಡುವ ಹುಡುಗರ ಗತಿಗೂ ಸಾಮ್ಯವೆಲ್ಲಿಯದೆಂದು ಕೆಲವರು ಆಕ್ಷೇಪಿಸಬಹುದು. ವ್ಯತ್ಯಾಸವೇನೋ ಉಂಟು, ಆದರೆ ಅದು ಹುಡುಗರಿಗೆ ಅನುಕೂಲವಾದುದಲ್ಲ. ‘ಜೆನಿತ್’ ಯಾತ್ರಿಕರಿಗೆ ಎಚ್ಚೆತ್ತುಕೊಳ್ಳಲು ಒಂದು ಗಂಟೆಗೂ ಮಿಕ್ಕ ಕಾಲವಿತ್ತು. ಮೆದುಳಿಗೆ ರಕ್ತವೇ ತಡೆದಾಗ ಕೆಲವು ಸೆಕೆಂಡುಗಳಲ್ಲಿ ಎಚ್ಚರ ತಪ್ಪುತ್ತದೆ, ಕೆಲವು ನಿಮಿಷಗಳಲ್ಲಿ ಮೆದುಳು ಮರಳಿ ಸರಿಹೋಗದಂತೆ ಕೆಡುತ್ತದೆ. ಅಮೆರಿಕ ಸರ್ಕಾರದ ರೋಗನಿಯಂತ್ರಣ ಸಂಸ್ಥೆ 2008ರಲ್ಲಿ ಪ್ರಕಟಿಸಿದ ವರದಿಯಂತೆ, 1995ರಿಂದ 2007ರವರೆಗೆ ಆ ದೇಶದಲ್ಲಿ 6ರಿಂದ 19 ವರ್ಷದೊಳಗಿನ 82 ಮಂದಿ ಈ ಆಟದಿಂದ ಸತ್ತಿರುವಂತೆ ಕಂಡುಬಂದಿತು. ಅವರಲ್ಲಿ 71 ಮಂದಿ ಗಂಡುಹುಡುಗರು. ಸರಾಸರಿ ವಯಸ್ಸು 13 ವರ್ಷಕ್ಕೆ ತುಸು ಮೇಲೆ. ವಿವರ ದೊರೆತ ಮಟ್ಟಿಗೆ ಬಹುತೇಕ ಎಲ್ಲರೂ ಒಂಟಿಯಾಗಿದ್ದಾಗಲೇ ಸತ್ತರು. ಇಂಥ ಆಟವೊಂದುಂಟೆಂಬುದೇ ಹೆಚ್ಚಿನ ತಂದೆತಾಯಿಗಳಿಗೆ ತಿಳಿದಿರಲಿಲ್ಲ. ವೃತ್ತಪತ್ರಿಕೆಗಳಲ್ಲಿ ಬಂದ ಸುದ್ದಿಗಳೇ ಈ ಗಣನೆಗೆ ಮುಖ್ಯವಾದ ಆಧಾರವಾದುದರಿಂದ, ನಿಜವಾದ ಸಂಖ್ಯೆ ಇದಕ್ಕೂ ಹೆಚ್ಚಿರಬಹುದು.

ಆದುದರಿಂದ ‘ಮಿತಿಮೀರದಂತೆ ನೋಡಿಕೊಂಡರೆ ಭಯವಿಲ್ಲ’ವೆಂಬ ಮಾತು ಚರಿತ್ರೆಯ ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ. ಮಿತಿಯನ್ನು ನೋಡಿಕೊಳ್ಳಬೇಕಾದ ಬುದ್ಧಿಯೇ ಇಲ್ಲಿ ಮೊದಲು ಸೋಲುತ್ತದೆ. ಗಾಬರಿಯನ್ನೂ ಗದರಿಕೆಯನ್ನೂ ಬಿಟ್ಟು, ಈ ಸತ್ಯವನ್ನು ಎಳೆಯರಿಗೆ ಕಾರಣಸಹಿತವಾಗಿ ತಿಳಿಯಹೇಳುವುದು ತಂದೆತಾಯಿಗಳ ಮತ್ತು ಉಪಾಧ್ಯಾಯರ ಕರ್ತವ್ಯ. ಕ್ರೋಸೆ-ಸ್ಪಿನೆಲ್ಲಿ ಮತ್ತು ಸಿವೆಲ್‌ರ ಸಮಾಧಿ ಪ್ಯಾರಿಸ್ಸಿನ ಪೇರ್ ಲಾಶೇಸ್ ಶ್ಮಶಾನದಲ್ಲಿದೆ. ಅಲ್ಲಿ ಇಬ್ಬರ ಕಂಚಿನ ಪ್ರತಿಮೆಗಳು ಕೈಹಿಡಿದು ಅಕ್ಕಪಕ್ಕದಲ್ಲಿ ಮಲಗಿವೆ. ಅವರು ಜ್ಞಾನಕ್ಕಾಗಿ ಪ್ರಾಣವನ್ನು ತೆತ್ತರು. ಅವರು ಗಳಿಸಿಕೊಟ್ಟ ಆ ಜ್ಞಾನವು ನಮ್ಮ ಕೈಯಲ್ಲಿರುವಾಗ, ಅದನ್ನು ತಿಳಿಯದೆ ಒಬ್ಬ ಹುಡುಗನು ಸತ್ತರೂ ಆ ಹೊಣೆ ಹಿರಿಯರದು.