ದುರ್ಗಕ್ಕೆ ಮಾತಿನ ಮದ್ದು ಬಂದ ದಾರಿ

ನಮ್ಮ ಜಿಲ್ಲೆಯ ಇತಿಹಾಸ ಅಂದ್ರೆ ಕೋಟೆ, ಓಬವ್ವ, ಹಿರಿಯೂರಿನ ವಾಣಿವಿಲಾಸ ಸಾಗರ. ಇವತ್ತು ನಾನು ಹೇಳೋದು ಒಂದು ದೂರದ ಇತಿಹಾಸ. ಹತ್ತನೇ ಕ್ಲಾಸಿನ ಹುಡುಗಿ ‘ಅಮ್ಮಾ, ಬದುಕೋದೇ ಬೇಡ ಅನಿಸ್ತಿದೆ’ ಅಂದ್ರೆ, ಮನೆಯವರು ಎಷ್ಟು ದೂರ ಹೋಗಬೇಕು?

1974ರಲ್ಲಿ ನಿಮ್ಹಾನ್ಸ್ ಶುರುವಾದಾಗ ಹೊಸದುರ್ಗ, ಹೊಳಲ್ಕೆರೆಯವರಿಗೆ ಒಂದೋ ಬೆಂಗಳೂರು, ಇಲ್ಲ ಧಾರವಾಡ. ದುರ್ಗದಿಂದ ಎರಡೂ ಇನ್ನೂರು ಕಿಲೋಮೀಟರ್ ಆಸುಪಾಸು. ‘ಹುಚ್ಚಾಸ್ಪತ್ರೆ’ ಅನ್ನೋ ಮಾತಿಗೇ ಹೆದರಿ ಬಸ್ ಹತ್ತದವರೂ ಇದ್ದರು.

ದಾರಿ ಹತ್ತಿರವಾಗಿದ್ದು ಪಕ್ಕದ ಬಳ್ಳಾರಿಯಿಂದ. 1980ರ ದಶಕದಲ್ಲಿ ನಿಮ್ಹಾನ್ಸ್ ತಜ್ಞರು ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರಿಗೆ, ಆರೋಗ್ಯ ಕಾರ್ಯಕರ್ತರಿಗೆ ಮನಸ್ಸಿನ ಕಾಯಿಲೆ ಗುರುತಿಸೋದನ್ನ ಕಲಿಸಿದ್ರು. 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಈ ‘ಬಳ್ಳಾರಿ ಮಾದರಿ’ಯೇ ಅಡಿಪಾಯ.

ಮಾತ್ರೆ ಬಂತು, ಸರಿ. ಮಾತಿನ ಚಿಕಿತ್ಸೆ? ಅದರ ಬೇರು ಅಮೆರಿಕದಲ್ಲಿದೆ. 1960ರ ದಶಕದಲ್ಲಿ ಮನೋವೈದ್ಯ ಆರನ್ ಬೆಕ್ ಸಿಬಿಟಿ ರೂಪಿಸಿದರು. ‘ಫೇಲಾದೆ, ಎಲ್ಲಾ ಮುಗೀತು’ ಅನ್ನೋ ಯೋಚನೆಯನ್ನ ಹಿಡಿದು ನಿಲ್ಲಿಸಿ, ಅದು ನಿಜಾನಾ ಅಂತ ಪರೀಕ್ಷಿಸೋದು ಅದರ ಕ್ರಮ. ಆಮೇಲೆ ಮಾರ್ಷಾ ಲಿನೆಹನ್ ಅವರ ಡಿಬಿಟಿ ಬಂತು. ಸಂಕಟ ಉಕ್ಕಿದಾಗ ಏನೂ ಮಾಡ್ಕೊಳ್ಳದೆ ಆ ಗಳಿಗೆ ದಾಟೋದನ್ನ ಅದು ಕಲಿಸುತ್ತೆ. ಹದಿಹರೆಯದವರ ಡಿಬಿಟಿಯಲ್ಲಿ ಅಪ್ಪ ಅಮ್ಮನೂ ಕೂತು ಕಲೀತಾರೆ. ಜೊತೆಗೆ ಒಂದು ಸುರಕ್ಷತಾ ಯೋಜನೆ ಬರೆದಿಡ್ತಾರೆ: ಕಷ್ಟ ಶುರುವಾಗೋ ಸೂಚನೆ ಏನು, ಯಾರಿಗೆ ಫೋನ್ ಮಾಡಬೇಕು, ಅಪಾಯದ ವಸ್ತುಗಳಿಗೆ ಮನೆಯ ದೊಡ್ಡವರು ಹೇಗೆ ಬೀಗ ಹಾಕಬೇಕು.

ಇನ್ನೊಂದು ಗೋಡೆ ಕಾನೂನಿನದಾಗಿತ್ತು. 2024ರವರೆಗೆ ಜಾರಿಯಲ್ಲಿದ್ದ ಐಪಿಸಿಯ 309ನೇ ಸೆಕ್ಷನ್ ಪ್ರಕಾರ ಆತ್ಮಹತ್ಯೆಯ ಪ್ರಯತ್ನ ಅಪರಾಧವಾಗಿತ್ತು. ಪೊಲೀಸ್ ಕೇಸಿಗೆ ಹೆದರಿದ ಮನೆಯವರು ಬಾಯಿ ಬಿಡ್ತಿದ್ರಾ? 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಅಂಥವರನ್ನ ತೀವ್ರ ಒತ್ತಡದಲ್ಲಿದ್ದವರು ಅಂತ ಭಾವಿಸಿತು. ಶಿಕ್ಷೆ ಬದಲು ಆರೈಕೆ ಕೊಡೋದು ಸರ್ಕಾರದ ಕರ್ತವ್ಯ ಅಂದಿತು.

‘ಸಾಯೋ ಯೋಚನೆ ಬರ್ತಿದೆಯಾ’ ಅಂತ ಕೇಳಿದ್ರೆ ಇಲ್ಲದ ಯೋಚನೆ ಹುಟ್ಟುತ್ತೆ ಅಂತ ನಾನೂ ನಂಬಿದ್ದೆ. ಹುಟ್ಟಲ್ಲ. ಕೇಳಿದ್ರೆ ಎಷ್ಟೋ ಜನಕ್ಕೆ ಎದೆಭಾರ ಇಳಿಯುತ್ತೆ. ಗೆಳೆಯನ ಬಗ್ಗೆ ಅನುಮಾನ ಬಂದ್ರೆ ನೇರವಾಗಿ ಕೇಳಿ, ಗುಟ್ಟು ಅಂತ ಇಟ್ಕೊಳ್ಳದೆ ನಂಬಿಕೆಯ ದೊಡ್ಡವರಿಗೆ ಹೇಳಿ.

ಚಿತ್ರದುರ್ಗದ ಜಿಲ್ಲಾಸ್ಪತ್ರೆಯಲ್ಲಿ ಈಗ ಮನೋವೈದ್ಯರಿದ್ದಾರೆ. 2022ರ ಅಕ್ಟೋಬರ್ 10ರಂದು ಟೆಲಿ ಮಾನಸ್ ಶುರುವಾಯ್ತು: 14416, ಉಚಿತ, ಹಗಲೂ ರಾತ್ರಿ, ಕನ್ನಡದಲ್ಲೇ. ಇನ್ನೂರು ಕಿಲೋಮೀಟರ್ ದಾರಿ ಐದು ಅಂಕಿಗೆ ಇಳಿದಿದೆ. ಈಗಲೇ ಸೇವ್ ಮಾಡ್ಕೊಳ್ಳಿ.