ಅಗಸ್ತ್ಯ ನಕ್ಷತ್ರದ ದ್ರವ್ಯನಿರ್ಣಯ

ರಾತ್ರಿಯ ಆಕಾಶದಲ್ಲಿ ಲುಬ್ಧಕವನ್ನುಳಿದರೆ ಅಗಸ್ತ್ಯವೇ ಅತ್ಯುಜ್ಜ್ವಲವಾದ ನಕ್ಷತ್ರವು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಗಳಲ್ಲಿ ಮಾಘಮಾಸದ ರಾತ್ರಿ ಅದು ದಕ್ಷಿಣ ದಿಗಂತದಿಂದ ಸುಮಾರು 25 ಅಂಶಗಳಷ್ಟು ಮೇಲೇರುತ್ತದೆ. ಪ್ರಾಚೀನ ಜ್ಯೋತಿಷಿಗಳು ಗಣಿತದಿಂದ ನಿರ್ಣಯಿಸಿದುದು ಈ ತಾರೆಯ ಸ್ಥಾನವನ್ನೂ ಉದಯವನ್ನೂ ಮಾತ್ರ. ಸೂರ್ಯಸಿದ್ಧಾಂತವು ಅದನ್ನು ಮಿಥುನಾಂತದಲ್ಲಿ, 80 ಅಂಶಗಳ ದಕ್ಷಿಣ ವಿಕ್ಷೇಪದಲ್ಲಿ ನಿಲ್ಲಿಸಿತು. ಅದರ ಉದಯಕಾಲವು ದೇಶದೇಶಕ್ಕೆ ಭಿನ್ನವಾದುದರಿಂದ ಗಣಿತದಿಂದಲೇ ತಿಳಿಯತಕ್ಕದ್ದೆಂದು ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ವಿಧಿಸಿದನು.

ಆದರೆ ಆ ತಾರೆಯು ಯಾವ ದ್ರವ್ಯದಿಂದಾದುದು? ನಕ್ಷತ್ರಗಳ ರಾಸಾಯನಿಕ ಘಟನೆಯನ್ನು ಮನುಷ್ಯನು ಎಂದಿಗೂ ಅರಿಯಲಾರನೆಂದು ಫ್ರೆಂಚ್ ತತ್ತ್ವಜ್ಞ ಕೋಂತನು 1835ರಲ್ಲಿ ಸಾರಿದನು. ಕಿರ್ಖಾಫ್, ಬುನ್ಸೆನ್ ಇವರು 1860ರ ಸುಮಾರಿಗೆ ವರ್ಣಪಟಲದ ರೇಖೆಗಳಿಂದ ಮೂಲದ್ರವ್ಯಗಳನ್ನು ಗುರುತಿಸುವ ಮಾರ್ಗವನ್ನು ಸ್ಥಾಪಿಸಲು, ಆ ಮಾತು ಬಿದ್ದುಹೋಯಿತು. ಆದರೂ ದ್ರವ್ಯವು ಇದೆಯೆಂದರಿಯುವುದು ಬೇರೆ, ಎಷ್ಟಿದೆಯೆಂದರಿಯುವುದು ಬೇರೆ. ಗಾಢವಾದ ರೇಖೆ ಕಂಡಲ್ಲೆಲ್ಲ ದ್ರವ್ಯವೂ ಅಧಿಕವೆಂದು ಹೇಳುವಂತಿಲ್ಲ.

ಈ ಗ್ರಂಥಿಯನ್ನು ಬಿಡಿಸಿದುದು ಮೇಘನಾದ ಸಾಹಾ ಅವರ 1920ರ ಸಮೀಕರಣ. ಉಷ್ಣತೆ ಹೆಚ್ಚಿದಂತೆಯೂ ಒತ್ತಡ ತಗ್ಗಿದಂತೆಯೂ ಪರಮಾಣುಗಳು ಎಲೆಕ್ಟ್ರಾನುಗಳನ್ನು ಕಳೆದುಕೊಳ್ಳುತ್ತವೆ; ಅದರಿಂದ ಅವುಗಳ ರೇಖೆಗಳೂ ವ್ಯತ್ಯಾಸಗೊಳ್ಳುತ್ತವೆ. ಮಹಾದೈತ್ಯ ತಾರೆಯೆಂದು ಗಣಿತವಾಗಿರುವ ಅಗಸ್ತ್ಯದ ವ್ಯಾಸವು ಸೂರ್ಯವ್ಯಾಸದ ಸುಮಾರು 70 ಪಾಲು. ಉಷ್ಣತೆ ಸುಮಾರು 7,400 ಕೆಲ್ವಿನ್. ವಾತಾವರಣವು ಅತಿ ವಿರಳ. ಅಲ್ಲಿ ಬೇರಿಯಂ ಎಂಬ ಗುರುದ್ರವ್ಯದ ಬಹುಭಾಗವು ಎರಡೆರಡು ಎಲೆಕ್ಟ್ರಾನುಗಳನ್ನು ಕಳೆದುಕೊಂಡು ಗೋಚರ ವರ್ಣಪಟಲದಿಂದ ಮರೆಯಾಗಿರುತ್ತದೆ. ಒಂದನ್ನು ಮಾತ್ರ ಕಳೆದುಕೊಂಡ ಅಲ್ಪಾಂಶದ ರೇಖೆಗಳನ್ನಳೆದು, ಅದರಿಂದ ಸಮಸ್ತವನ್ನೂ ಊಹಿಸಬೇಕು. ಉಷ್ಣತೆಯ ನಿರ್ಣಯದಲ್ಲಿ ಸ್ವಲ್ಪ ತಪ್ಪಿದರೂ ಪ್ರಮಾಣದ ಲೆಕ್ಕವು ತಪ್ಪುವುದು.

ನ್ಯೂಜಿಲೆಂಡಿನ ಕ್ಯಾಂಟರ್‌ಬರಿ ವಿಶ್ವವಿದ್ಯಾಲಯದ ದೇಶಿಕಾಚಾರಿ, ಹರ್ನ್‌ಶಾ ಎಂಬವರು 1982ರಲ್ಲಿ ಪ್ರಕಟಿಸಿದ ಶೋಧನೆಯಂತೆ, ಅಗಸ್ತ್ಯದಲ್ಲಿ ಕಬ್ಬಿಣದ ಪ್ರಮಾಣವು ಸೂರ್ಯನಲ್ಲಿರುವುದಕ್ಕೆ ಬಹು ಸಮೀಪವಾದುದು. ಕನ್ನಡನಾಡಿನಲ್ಲಿಯೂ ಈ ವಿದ್ಯೆ ನೆಲೆಗೊಂಡಿದೆ. ಬೆಂಗಳೂರಿನ ಭಾರತೀಯ ಖಭೌತವಿಜ್ಞಾನ ಸಂಸ್ಥೆಯ ವಿದ್ವಾಂಸರು, 1986ರಲ್ಲಿ ಕಾವಲೂರಿನಲ್ಲಿ ಉದ್ಘಾಟಿತವಾದ 2.34 ಮೀಟರಿನ ದೂರದರ್ಶಕದಿಂದಲೂ ಇತರ ಯಂತ್ರಗಳಿಂದಲೂ ದೈತ್ಯ, ಮಹಾದೈತ್ಯ ತಾರೆಗಳ ಗುರುದ್ರವ್ಯಗಳನ್ನು ಅಳೆದಿದ್ದಾರೆ.

ಈ ಅಳತೆಯ ಪ್ರಯೋಜನವೇನೆಂದರೆ: ಕಬ್ಬಿಣಕ್ಕಿಂತ ಭಾರವಾದ ದ್ರವ್ಯಗಳಲ್ಲಿ ಬಹುಪಾಲು ನ್ಯೂಟ್ರಾನುಗಳ ಗ್ರಹಣದಿಂದ ಉಂಟಾಗುವುದೆಂದು 1957ರಲ್ಲಿ ಬರ್ಬಿಜ್ ದಂಪತಿಗಳು, ಫೌಲರ್, ಹಾಯ್ಲ್ ಇವರು ನಿರೂಪಿಸಿದರು. ಅಗಸ್ತ್ಯದ ಕಬ್ಬಿಣವಾಗಲಿ ಬೇರಿಯಂ ಆಗಲಿ ಅದರ ಸ್ವಾರ್ಜಿತವಲ್ಲ. ಅಳಿದುಹೋದ ಪೂರ್ವತಾರೆಗಳಿಂದ ಬಂದ ದಾಯ. ಆದಕಾರಣ ತಾರೆಯ ದ್ರವ್ಯಪ್ರಮಾಣವನ್ನು ನಿರ್ಣಯಿಸುವವನು ಅದರ ವಂಶಾವಳಿಯನ್ನೇ ಓದುವವನಾಗುತ್ತಾನೆ. ಉದಯಕಾಲವನ್ನು ಗಣಿತದಿಂದಲೇ ತಿಳಿಯಬೇಕೆಂದ ವರಾಹಮಿಹಿರನ ವಿಧಿಯು ದ್ರವ್ಯದ ವಿಷಯದಲ್ಲಿಯೂ ಸಲ್ಲುವುದೆಂಬುದನ್ನು ಸಾಹಾ ಅವರ ಸಮೀಕರಣವು ಸಿದ್ಧಪಡಿಸಿತು.