ತಟ್ಟೆಗೆ ಇಳಿದ ಹಾಡು: ಸಿ.ಡಿ. ಬರೆಯುವ ತಂತ್ರಾಂಶಗಳ ಚರಿತ್ರೆ

ಸೆಟ್ಟೂರು, ಕಲ್ಯಾಣದುರ್ಗ, ಹಿಂದೂಪುರದ ಕಡೆಯ ಮನೆಗಳಲ್ಲಿ ಮಾತು ಎರಡಾದರೂ ಹಾಡಿನ ಗಂಟು ಒಂದೇ. ಬೀಸುವ ಪದ, ಸೋಬಾನೆ, ಭಜನೆಯ ತತ್ವಪದ ಕನ್ನಡದಲ್ಲೂ ಉಂಟು, ತೆಲುಗಿನಲ್ಲೂ ಉಂಟು. ಕೈವಾರದ ತಾತಯ್ಯನವರಂತೆ ಎರಡರಲ್ಲೂ ಹಾಡಿದವರೂ ಉಂಟು. ಇಂಥ ಎಷ್ಟೋ ಹಾಡುಗಳು 1980 ಮತ್ತು 1990ರ ದಶಕಗಳಲ್ಲಿ ಕ್ಯಾಸೆಟ್ಟಿಗೆ ಸೇರಿದವು. ಆಮೇಲೆ ಮನೆಗೆ ಕಂಪ್ಯೂಟರ್ ಬಂತು. ಕ್ಯಾಸೆಟ್ಟಿನಲ್ಲಿದ್ದುದನ್ನು ಸಿ.ಡಿ.ಗೆ ಇಳಿಸಿಕೊಳ್ಳೋಣ ಎಂಬ ಆಸೆಯೂ ಬಂತು. ಆಗ ಎದುರಾದ ಪ್ರಶ್ನೆ, ಯಾವ ತಂತ್ರಾಂಶದಿಂದ ಬರೆಯುವುದು ಎಂಬುದು. ಸಣ್ಣ ಪ್ರಶ್ನೆಯೆಂದು ತೋರಿದರೂ, ಅಜ್ಜಿಯ ದನಿ ಮೊಮ್ಮಕ್ಕಳ ಕಾಲಕ್ಕೆ ಉಳಿದೀತೇ ಎಂಬುದು ಅದರ ಮೇಲೂ ನಿಂತಿತ್ತು. ಈ ದಿನ ಆ ಚರಿತ್ರೆಯನ್ನು ಸ್ವಲ್ಪ ನೋಡೋಣ.

ನಮ್ಮ ದೇಶದಲ್ಲಿ ದನಿಯನ್ನು ತಟ್ಟೆಗೆ ಇಳಿಸುವ ಕೆಲಸ ಮೊದಲಾದದ್ದು 1902ರಲ್ಲಿ. ಫ್ರೆಡ್ ಗೈಸ್‌ಬರ್ಗ್ ಎಂಬಾತ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಗಾಯನವನ್ನು ಮುದ್ರಿಸಿಕೊಂಡ. ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷದ ಹಾಡು. 1963ರಲ್ಲಿ ಫಿಲಿಪ್ಸ್ ಕಂಪನಿ ಕ್ಯಾಸೆಟ್ಟನ್ನು ತಂದಿತು. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ 'ನಿತ್ಯೋತ್ಸವ' ಹೊರಬಂದ ಮೇಲೆ ಭಾವಗೀತೆಯ ಕ್ಯಾಸೆಟ್ಟುಗಳು ಮನೆಮನೆಗೂ ಹೋದವು. ಆದರೆ ಕ್ಯಾಸೆಟ್ಟಿನ ದೊಡ್ಡ ಉಪಕಾರ ಬೇರೆಯೇ. ಹಾಡು ಕೇಳುವವನೇ ಹಾಡನ್ನು ಹಿಡಿದಿಡಬಹುದು ಎಂಬುದನ್ನು ಹಳ್ಳಿಯವರಿಗೆ ತೋರಿಸಿದ್ದು ಅದು.

ಗಡಿಯಾಚೆಯ ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಓದುಬರಹ ಕಲಿತವರಲ್ಲ. ಆದರೂ ಸಾವಿರಾರು ಸಾಲುಗಳ ಪದಗಳನ್ನು ನೆನಪಿನಿಂದಲೇ ಹಾಡುತ್ತಿದ್ದರು. ಕೃಷ್ಣಮೂರ್ತಿ ಹನೂರರು ಅವರ ಪದಗಳನ್ನು ಸಂಗ್ರಹಿಸಿ ಪುಸ್ತಕಕ್ಕೆ ತಂದರು. ಪುಸ್ತಕದಲ್ಲಿ ಪದ ಉಳಿಯುತ್ತದೆ; ಎಳೆದು ಹಾಡುವ ದನಿ, ನಡುವೆ ತೆಗೆದುಕೊಳ್ಳುವ ಉಸಿರು ಉಳಿಯಬೇಕಾದರೆ ಧ್ವನಿಮುದ್ರಣವೇ ಬೇಕು. ಕ್ಯಾಸೆಟ್ಟಿನ ಫೀತೆಯಾದರೋ ಬಿಸಿಲಿಗೆ ಸುಕ್ಕಾಗುತ್ತದೆ, ತೇವಕ್ಕೆ ಬೂಸಲು ಹಿಡಿಯುತ್ತದೆ, ಆಡಿಸಿದಷ್ಟೂ ಸವೆಯುತ್ತದೆ.

1982ರಲ್ಲಿ ಫಿಲಿಪ್ಸ್ ಮತ್ತು ಸೋನಿ ಕಂಪನಿಗಳ ಸಿ.ಡಿ. ಮಾರುಕಟ್ಟೆಗೆ ಬಂತು. 12 ಸೆಂಟಿಮೀಟರ್ ಅಗಲದ ಈ ತಟ್ಟೆಯಲ್ಲಿ ಕಣ್ಣಿಗೆ ಕಾಣದ ಗುಳಿಗಳ ಸಾಲೊಂದು ಒಳಗಿನಿಂದ ಹೊರಕ್ಕೆ ಸುರುಳಿ ಸುತ್ತಿಕೊಂಡಿದೆ. ಬಿಡಿಸಿ ಹಾಸಿದರೆ ಅದು ಐದು ಕಿಲೋಮೀಟರಿಗೂ ಉದ್ದ. ದನಿಯನ್ನು ಸೆಕೆಂಡಿಗೆ 44,100 ಸಾರಿ ಅಳೆದು, ಆ ಅಂಕಿಗಳನ್ನೇ ಗುಳಿಯಾಗಿಸಿರುತ್ತಾರೆ. ಲೇಸರ್ ಬೆಳಕು ಅವನ್ನು ಓದುತ್ತದೆ. ಆದರೆ ಅದು ಕಾರ್ಖಾನೆಯಲ್ಲಿ ಅಚ್ಚೊತ್ತಿದ ತಟ್ಟೆ; ಮನೆಯಲ್ಲಿ ಬರೆಯುವಂತಿರಲಿಲ್ಲ. 1988ರಲ್ಲಿ ಜಪಾನಿನ ತಾಯಿಯೋ ಯೂಡೆನ್ ಕಂಪನಿಯವರು ಬಣ್ಣದ ಪದರವೊಂದನ್ನು ಬಳಿದ ತಟ್ಟೆಯನ್ನು ತೋರಿಸಿದರು. ಬಲವಾದ ಲೇಸರ್ ಬಿದ್ದ ಕಡೆ ಆ ಬಣ್ಣ ಕಾದು ಕೆಡುತ್ತದೆ. ಓದುವ ಯಂತ್ರಕ್ಕೆ ಅದೇ ಗುಳಿಯಂತೆ ಕಾಣುತ್ತದೆ. ಸಿ.ಡಿ. 'ಸುಡುವುದು' ಎಂಬ ಮಾತು ಹುಟ್ಟಿದ್ದು ಹೀಗೆ.

1995ರಲ್ಲಿ ಎಚ್.ಪಿ. ಕಂಪನಿಯ ಬರೆಯುವ ಡ್ರೈವ್ 1000 ಡಾಲರಿಗಿಂತ ಕಡಿಮೆ ಬೆಲೆಗೆ ಬಂತು. ಆಮೇಲೆ ತಂತ್ರಾಂಶಗಳ ಪೈಪೋಟಿ ಜೋರಾಯಿತು. ಅಮೆರಿಕದ ಅಡಾಪ್ಟೆಕ್ ಕಂಪನಿಯ 'ಈಜಿ ಸಿ.ಡಿ. ಕ್ರಿಯೇಟರ್' ಒಂದು ಕಡೆ. 1997ರಲ್ಲಿ ಜರ್ಮನಿಯಿಂದ ಬಂದ 'ನೀರೋ ಬರ್ನಿಂಗ್ ರಾಮ್' ಇನ್ನೊಂದು ಕಡೆ. ರೋಮ್ ಉರಿಯುವಾಗ ನೀರೋ ದೊರೆ ಪಿಟೀಲು ಬಾರಿಸುತ್ತಿದ್ದ ಎಂಬ ಗಾದೆಯಂಥ ಕಥೆಯೇ ಆ ಹೆಸರಿನ ಚಮತ್ಕಾರ. ಡ್ರೈವ್ ಕೊಂಡವರಿಗೆ ಇಂಥ ತಂತ್ರಾಂಶ ಎಷ್ಟೋ ಸಲ ಜೊತೆಯಲ್ಲೇ ಸಿಗುತ್ತಿತ್ತು.

ಆ ಕಾಲದಲ್ಲಿ ಬರೆಯುವುದು ಒಂದು ಪರೀಕ್ಷೆಯೇ. ಕಂಪ್ಯೂಟರ್ ಒಂದು ಗಳಿಗೆ ತಡವರಿಸಿ ಅಂಕಿಗಳ ಹರಿವು ನಿಂತರೆ ತಟ್ಟೆ ಕೆಟ್ಟೇ ಹೋಗುತ್ತಿತ್ತು. ಬರೆಯುವಷ್ಟು ಹೊತ್ತು ಬೇರೆ ಯಾವ ಕೆಲಸವನ್ನೂ ಅದಕ್ಕೆ ಒಪ್ಪಿಸುವಂತಿರಲಿಲ್ಲ. 2000ದಲ್ಲಿ ಸ್ಯಾನ್ಯೋ ಕಂಪನಿಯವರು ಹರಿವು ನಿಂತರೆ ತಡೆದು, ಬಿಟ್ಟ ಜಾಗದಿಂದಲೇ ಮುಂದುವರಿಸುವ ಉಪಾಯ ಕಂಡುಹಿಡಿದ ಮೇಲೆ ಆ ಭಯ ಕಳೆಯಿತು. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ತನ್ನೊಳಗೇ ಸಿ.ಡಿ. ಬರೆಯುವ ಸೌಲಭ್ಯ ತಂದಿತು. ಡಿ.ವಿ.ಡಿ.ಗೆ ಮಾತ್ರ ಬೇರೆ ತಂತ್ರಾಂಶ ಬೇಕಿತ್ತು. ಲಿನಕ್ಸ್ ಬಳಸುವವರಿಗೆ ಕೆ3ಬಿ ಇತ್ತು. ವಿಂಡೋಸಿನವರಿಗೆ 2005ರಿಂದ ಇಮ್ಗ್‌ಬರ್ನ್ ಹಣವಿಲ್ಲದೆ ಸಿಕ್ಕಿತು.

ಇಷ್ಟರಲ್ಲಿ ಯಾವುದು ಮೇಲು? ಹೊಳೆಯುವ ಪರದೆಯನ್ನು ನೋಡಿ ಆರಿಸಿದವರಿಗಿಂತ ಮೂರು ಸಂಗತಿ ನೋಡಿ ಆರಿಸಿದವರು ಗೆದ್ದರು.

ಮೊದಲನೆಯದು, ಹಾಡಿನ ನಡುವಿನ ಅಂತರ. ಒಂದೊಂದು ಹಾಡನ್ನೂ ಬಿಡಿಯಾಗಿ ಬರೆಯುವ ಕ್ರಮದಲ್ಲಿ ನಡುವೆ ಎರಡು ಸೆಕೆಂಡಿನ ಮೌನ ಬೀಳುತ್ತಿತ್ತು. ಬಿಡಿ ಹಾಡಿಗೆ ಅದು ಸರಿ. ರಾತ್ರಿಯಿಡೀ ನಡೆಯುವ ಬಯಲಾಟಕ್ಕೋ ಹರಿಕಥೆಗೋ ಅದು ಕತ್ತರಿ. ಇಡೀ ತಟ್ಟೆಯನ್ನು ಒಂದೇ ಉಸಿರಿಗೆ ಬರೆಯಬಲ್ಲ ತಂತ್ರಾಂಶ ಅಲ್ಲಿ ಬೇಕು. ಅಳತೆಯೂ ಗೊತ್ತಿರಬೇಕು. 60 ನಿಮಿಷದ ಕ್ಯಾಸೆಟ್ 80 ನಿಮಿಷದ ಸಿ.ಡಿ.ಯಲ್ಲಿ ಹಿಡಿಸುತ್ತದೆ, 90 ನಿಮಿಷದ್ದು ಹಿಡಿಸದು. ಎಂಪಿ3 ಮಾಡಿದರೆ ಅದೇ ತಟ್ಟೆಯಲ್ಲಿ ಸುಮಾರು 12 ಗಂಟೆಯ ಹಾಡು ಹಿಡಿಸೀತು. ಆದರೆ ದನಿಯ ನಯವನ್ನು ಅಷ್ಟಿಷ್ಟು ಕಳೆದುಕೊಳ್ಳಬೇಕು.

ಎರಡನೆಯದು, ಲಿಪಿ. 1988ರ ಮೂಲ ನಿಯಮದ ಮೊದಲ ಹಂತದಲ್ಲಿ ಕಡತದ ಹೆಸರಿಗೆ ಸಿಗುತ್ತಿದ್ದುದು ಎಂಟು ಇಂಗ್ಲಿಷ್ ಅಕ್ಷರ, ಅದರ ಬಾಲಕ್ಕೆ ಮೂರು. 1995ರ ಜೋಲಿಯೆಟ್ ಎಂಬ ವಿಸ್ತರಣೆ 64 ಅಕ್ಷರಗಳವರೆಗೆ, ಅದೂ ಯೂನಿಕೋಡಿನಲ್ಲಿ, ಹೆಸರಿಡಲು ದಾರಿಮಾಡಿತು. ಕನ್ನಡ ಮತ್ತು ತೆಲುಗು ಹೆಸರುಗಳು ತಟ್ಟೆಯನ್ನು ಹೊಕ್ಕದ್ದು ಆ ಬಾಗಿಲಿನಿಂದ. 1991ರ ಯೂನಿಕೋಡ್ ಪಟ್ಟಿಯಲ್ಲಿ ತೆಲುಗಿನ 128 ಮನೆಗಳ ಕೇರಿ ಮುಗಿದ ಕೂಡಲೇ ಕನ್ನಡದ 128 ಮನೆಗಳ ಕೇರಿ ಶುರುವಾಗುತ್ತದೆ. ಗಡಿನಾಡಿನ ನೆರೆಹೊರೆಯೇ ಅಲ್ಲಿಯೂ! ಆದರೆ ನುಡಿ, ಬರಹಗಳ ಹಳೆಯ ಅಕ್ಷರಶೈಲಿಯಲ್ಲಿ ಹಾಡಿನ ಸಾಹಿತ್ಯ ಬರೆದಿಟ್ಟವರಿಗೆ, ಆ ಶೈಲಿ ಇಲ್ಲದ ಕಂಪ್ಯೂಟರಿನಲ್ಲಿ ಕಂಡದ್ದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ.

ಮೂರನೆಯದು, ಬೀಗ. ಡೈರೆಕ್ಟ್ ಸಿ.ಡಿ., ಇನ್‌ಸಿ.ಡಿ.ಗಳಂಥವು ಸಿ.ಡಿ.ಯನ್ನು ಫ್ಲಾಪಿಯಂತೆ ಬಳಸುವ ಸುಖ ಕೊಟ್ಟವು. ಹಾಗೆ ಬರೆದ ತಟ್ಟೆಯನ್ನು ಬೇರೆ ಮನೆಯ ಕಂಪ್ಯೂಟರಿಗೆ ಹಾಕಿದರೆ, ಅಲ್ಲೂ ತಕ್ಕ ತಂತ್ರಾಂಶ ಇಲ್ಲದಿದ್ದಲ್ಲಿ ಎಷ್ಟೋ ಸಲ ಓದುತ್ತಿರಲಿಲ್ಲ. ತಟ್ಟೆಯ ಪಡಿಯಚ್ಚನ್ನು ನೀರೋ ತನ್ನದೇ ಧಾಟಿಯಲ್ಲಿ ಇಡುತ್ತಿತ್ತು, ಐ.ಎಸ್.ಓ. ಎಂಬ ಧಾಟಿಯಾದರೆ ಎಲ್ಲರಿಗೂ ತೆರೆದದ್ದು. ಬರೆದ ತಂತ್ರಾಂಶ ಮರೆಯಾದ ಮೇಲೂ ಉಳಿದುಕೊಂಡದ್ದು ತೆರೆದ ಧಾಟಿಯದೇ.

ಮಡಕಶಿರಾ ಕಡೆಯ ಹೇಮಾವತಿ ಹಿಂದೆ ನೊಳಂಬರ ರಾಜಧಾನಿ ಹೆಂಜೇರು. ಅವರು ಬರೆಸಿದ ಕನ್ನಡ ಶಾಸನಗಳನ್ನು ಸಾವಿರ ವರ್ಷಗಳ ಮೇಲೂ ಓದಬಹುದು; ಲಿಪಿ ಬಲ್ಲವರಿದ್ದರೆ ಸಾಕು. ನಮ್ಮ ತಟ್ಟೆಗೆ ಆ ಆಯುಷ್ಯವಿಲ್ಲ. ಮನೆಯಲ್ಲಿ ಬರೆದ ಸಿ.ಡಿ.ಯ ಬಣ್ಣದ ಪದರ ಬಿಸಿಲು, ಸೆಖೆಗೆ ಕ್ರಮೇಣ ಮಾಸುತ್ತದೆ. ಈಗಿನ ಎಷ್ಟೋ ಹೊಸ ಲ್ಯಾಪ್‌ಟಾಪುಗಳಲ್ಲಿ ಸಿ.ಡಿ. ಡ್ರೈವೇ ಇಲ್ಲ, ಹೊರಗಿನಿಂದ ಜೋಡಿಸಬೇಕು.

ಆದ್ದರಿಂದ ಮನೆಯ ಪೆಟ್ಟಿಗೆಯಲ್ಲಿ ಹಳೆಯ ಸಿ.ಡಿ. ಇದ್ದವರು ಈಗಲೇ ಹೊರಗೆ ತೆಗೆಯಿರಿ. ಓದುವಷ್ಟನ್ನು ಓದಿಸಿ ಎರಡು ಬೇರೆ ಕಡೆ ನಕಲು ಇಡಿ. ಇಂದಿಗೂ ಸಿ.ಡಿ. ಬರೆಯುವವರು ನಿಧಾನ ವೇಗದಲ್ಲಿ ಬರೆದು, 'ಪರಿಶೀಲಿಸು' ಎಂಬ ಆಯ್ಕೆಯನ್ನು ತಪ್ಪದೆ ಒತ್ತಿ, ತಟ್ಟೆಯನ್ನು ಮುಕ್ತಾಯಗೊಳಿಸಿ. ಹಾಡಿದವರ ಹೆಸರು, ಊರು, ಹಾಡಿದ ದಿನ ಇವನ್ನು ಕಡತದಲ್ಲೂ ಬರೆಯಿರಿ, ಕಾಗದದಲ್ಲೂ ಬರೆಯಿರಿ. ಕನ್ನಡದಲ್ಲಾಗಲಿ ತೆಲುಗಿನಲ್ಲಾಗಲಿ, ಹೆಸರಿಲ್ಲದ ದನಿ ಎರಡು ತಲೆಮಾರಿನ ಮೇಲೆ ಯಾರದೆಂದೇ ತಿಳಿಯದೆ ಹೋಗುತ್ತದೆ.